ದ್ರಾಕ್ಷಿ ಬೀಜದ ಮಾತ್ರೆ

ದ್ರಾಕ್ಷಿ ಬೀಜದ ಮಾತ್ರೆ ಮಾರುವ ಪ್ರಫುಲ್ಲಾಳ ಅಂಗಡಿಗೆ ಹಳೆಯ ಗಿರಾಕಿಯೊಬ್ಬಳ ಗಂಡ ಬಂದ. ಅವನ ಹೆಂಡತಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. "ಆಸ್ಪತ್ರಿ ಔಷಧಕ್ಕ ಕೂದಲಾ ಉದರ್ತಾವ. ಇದರಾಗ ಆಂಟಿಆಕ್ಸಿಡೆಂಟ್ ಐತಿ, ಮೈಯಾಗಿನ ವಿಷಾ ಎಲ್ಲಾ ತೊಳೀತೈತಿ" ಎಂದು ಆ ಹೆಂಗಸನ್ನು ನಂಬಿಸಿದ್ದವಳು ಪ್ರಫುಲ್ಲಾಳೇ. ಆಕೆ ನಂಬಿ ಆಸ್ಪತ್ರೆಯನ್ನೇ ಬಿಟ್ಟಿದ್ದಳು.

ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಪ್ರಫುಲ್ಲಾ ತಲೆ ತಗ್ಗಿಸಿ ನಿಂತಳು.

"ಇನ್ನೊಂದು ಡಬ್ಬಿ ಕೊಡ್ರಿ ಅಕ್ಕಾರ," ಎಂದ ಅವನು ಮೆಲ್ಲಗೆ.

"ಅಣ್ಣಾ, ನಂದ ತಪ್ಪಾತ್ರಿ," ಎಂದಳು ಪ್ರಫುಲ್ಲಾ. "ಇದರಿಂದ ಆ ರೋಗ ಹೋಗೂದಿಲ್ರಿ. ಅವರು ಆಸ್ಪತ್ರಿ ಬಿಡಬಾರದಿತ್ತು."

"ನಿಮ್ಮ ಮ್ಯಾಲೆ ಯಾಕ ಹಾಕ್ಕೋತೀರಿ? ತಪ್ಪು ನಮ್ಮದ ಐತಿ," ಎಂದು ಅವನೇ ಅವಳನ್ನು ಸಮಾಧಾನಪಡಿಸಿದ. "ಮೊದಲ ಆಸ್ಪತ್ರಿಗೆ ಅಲದಾಡಿ ಹೊತ್ತು ಕಳದ್ವಿ. ನಿಮ್ಮ ಕಡೆ ತಡಾ ಮಾಡಿ ಬಂದ್ವಿ."

"ಹಂಗಲ್ರಿ ಅಣ್ಣಾ, ನನ್ನ ಮಾತು ಕೇಳ್ರಿ..."

"ಈಗ ಮಗಳ ಎದಿಯಾಗೂ ಅಂಥದ ಗಂಟು ಬಂದೈತ್ರಿ. ಈ ಸಲ ಅಕೀನ್ನ ಆಸ್ಪತ್ರಿ ಮೆಟ್ಟಲ ಹತ್ತಾಕೂ ಬಿಟ್ಟಿಲ್ಲ."