ಫೋಟೋಗೊಂದು ಚಟ್ಟ

ಬಿದಿರಿನ ಜಾತಿಗಳನ್ನೂ ಅವುಗಳಿಂದ ಆಗುವ ವಸ್ತುಗಳನ್ನೂ ದಾಖಲಿಸುತ್ತ ಅವನು ಊರೂರು ತಿರುಗಿ ಸೋತಿದ್ದ. ಕಿರುಬಿದಿರಿನ ಮೊರ, ಬುಟ್ಟಿ, ತೊಟ್ಟಿಲುಗಳ ಫೋಟೋ ಆಗಿತ್ತು. ಉಳಿದಿದ್ದು ಹೆಬ್ಬಿದಿರಿನ ಚಟ್ಟ.

"ಹೆಣ ಇಲ್ದೆ ಚಟ್ಟ ಕಟ್ಟಾಕಿಲ್ಲ ಸ್ವಾಮಿ," ಎಂದ ಮೇದರ ಮುದುಕ.

"ಫೋಟೋಗೆ ಅಷ್ಟೇ ಯಜಮಾನ್ರೇ. ಆಮೇಲೆ ಬಿಚ್ಚಿಬಿಡಿ."

"ಬಿಚ್ಚೋದಾ? ಕಟ್ಟಿದ ಚಟ್ಟ ಬರಿದಾಗಿ ಇರಾಕಿಲ್ಲ. ಕಟ್ಟಿಸ್ದೋರ ಮನೇಲಿ ಒಬ್ರನ್ನ ಕರ್ಕೊಂಡೇ ಹೋಯ್ತದೆ."

ಅಷ್ಟರಲ್ಲಿ ಅಕ್ಕನ ಫೋನು ಬಂತು. "ಅಪ್ಪ ಇವತ್ತೂ ಗಂಜಿ ಉಗುಳಿಬಿಟ್ರು ಕಣೋ. ಬೆನ್ನಿನ ಹುಣ್ಣು ಮತ್ತೆ ಒಡೆದಿದೆ. ಅವರನ್ನ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯ್ತು. ನೀನು ಯಾವಾಗ ಬರ್ತೀಯ?"

"ಬರ್ತೀನಿ," ಎಂದು ಫೋನು ಇಟ್ಟ. ಅಪ್ಪ ಹಾಸಿಗೆ ಹಿಡಿದು ವರ್ಷಗಳೇ ಕಳೆದಿದ್ದವು. ಅಕ್ಕ ತಮ್ಮ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು.

ಅವನು ಬಿದಿರು ಸೀಳಿದ ಚೂರುಗಳ ಮೇಲೇ ಕುಸಿದು ಕೂತ.

"ನೀವು ಹೇಳಿದ್ದು ನಿಜಾನಾ ಯಜಮಾನ್ರೇ? ಕರ್ಕೊಂಡು ಹೋಗುತ್ತಾ?"

"ನಮ್ಮ ತಾತನ ಕಾಲದಿಂದ ನೋಡ್ತಾ ಇವ್ನಿ. ತಪ್ಪಿಲ್ಲ."

"ಹಾಗಾದ್ರೆ ಕಟ್ಟಿ."

ಮುದುಕ ಅವನ ಮುಖವನ್ನೇ ನೋಡಿದ. ಇವನಿಗೆ ನಂಬಿಕೆಯಿಲ್ಲ, ಓದಿದವನು ಎಂದುಕೊಂಡು ಮಚ್ಚು ಕೈಗೆತ್ತಿಕೊಂಡ.

"ಪಾಪ ನಂಗೆ ಅಂಟಿಸ್ಬ್ಯಾಡಿ, ಅಷ್ಟೇಯ. ಫೋಟೋಗೆ ಆದ್ರೂ ಒಂದು ಆಳಿನ ಅಳತೆ ಬೇಕು. ನಿಮ್ದೇ ಉದ್ದ ಇಟ್ಕೊಳ್ಳಲಾ?"

"ಬೇಡ," ಎಂದ ಅವನು. "ನಮ್ಮಪ್ಪ ನನ್ನ ಭುಜದವರೆಗೆ ಬರ್ತಾರೆ."