ಈರುಳ್ಳಿ ಬೇರಿನ ಸ್ಲೈಡು

ಮುಂದೆ ಜೀವಶಾಸ್ತ್ರದ ಮೇಷ್ಟರಾಗಬೇಕಾದವರಿಗೆ ಅಂದು ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರೆದುರು ಒಬ್ಬೊಬ್ಬರೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ಈರುಳ್ಳಿ ಬೇರು ಸರ್, ಕೋಶ ವಿಭಜನೆ" ಎಂದು ಒಪ್ಪಿಸಿ ಹೋದರು. ಹಾಲಮ್ಮನದು ಕೊನೆಯ ಸರದಿ. ತಿರುಪು ಎಷ್ಟು ತಿರುಗಿಸಿದರೂ ಬರೀ ಬಿಳಿ ಬೆಳಕು. ಎಲ್ಲರಂತೆ ಹೇಳಿಬಿಟ್ಟರೆ ಪಾಸು.

"ಏನೂ ಕಾಣಿಸ್ತಿಲ್ಲ ಸರ್."

ಅವಳ ಲೆಕ್ಚರರು ಧಾವಿಸಿ ಬಂದು ತಾವೇ ಬಗ್ಗಿ ನೋಡಿದರು.

"ವರ್ಣತಂತುಗಳು ಸಾಲಾಗಿ ನಿಂತಿವೆಯಲ್ಲಮ್ಮ. ನಾಳೆ ಮಕ್ಕಳಿಗೆ ಏನು ಕಲಿಸ್ತೀಯ?"

"ನನಗೆ ಕಾಣಿಸ್ತಿಲ್ಲ ಸರ್."

"ಹಾಗಾದ್ರೆ ಫೇಲಾಗು," ಎಂದು ಅವರು ಹಲ್ಲು ಕಡಿದರು.

ಪರೀಕ್ಷಕರು ಅಂಗಿಯ ಜೇಬಿಗೆ ಕೈಹಾಕಿ, ಏನನ್ನೋ ತೆಗೆದು ಲೆಕ್ಚರರ ಅಂಗೈಗಿಟ್ಟರು.

"ಬೇರಿನ ಸ್ಲೈಡು ಇಲ್ಲಿದೆ ಸಾರ್. ಅಲ್ಲಿ ನಾನು ಮೊದಲಿನಿಂದಲೂ ಬರೀ ಗಾಜು ಇಟ್ಟಿದ್ದೆ."