ಎತ್ತಿದ ಕಾಲು

ಕಂಚಿಗೆ ಎರಡು ಕೋಟಿ, ಕಟ್ಟೆಗೆ ನಲವತ್ತು ಲಕ್ಷ, ಮಾದರಿಯಾಗಿ ನಿಲ್ಲುವ ಕುದುರೆಗೆ ದಿನಕ್ಕೊಂದು ಹೊರೆ ಹುಲ್ಲು. ಸೇನಾಪತಿಯ ಪ್ರತಿಮೆಗೆ ನಗರಸಭೆ ಮಾಡಿದ ಖರ್ಚು ಇಷ್ಟು.

ಟಾಂಗಾ ಹೊಡೆಯುವ ಮಕ್ತುಮಸಾಬ ತನ್ನ ಕುದುರೆಯನ್ನು ಶಿಲ್ಪಿಯ ಮುಂದೆ ನಿಲ್ಲಿಸತೊಡಗಿ ವಾರವಾಗಿತ್ತು. ಅಂದು ಅದು ಮುಂಗಾಲೊಂದನ್ನು ಎತ್ತಿ ಹಿಡಿದು ನಿಂತಿದ್ದನ್ನು ಕಂಡು ನಗರಸಭೆಯ ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

"ಏನ್ ಗತ್ತಲೇ ಇದರದು! ಯುದ್ಧಕ್ಕ ಹೊಂಟಂಗೈತಿ!"

"ಗತ್ತಲ್ರೀ ಸಾಹೇಬ್ರ, ಲಾಳದ ಮೊಳಿ ಮಾಂಸಕ್ಕ ಹೊಕ್ಕೈತಿ. ಇವತ್ತ ತಗಿಸಿದ್ರ ಆರಾಮ ಆಕ್ಕೈತಿ."

"ತಗಿಸಿದ್ರ ಕಾಲು ಕೆಳಗ ಇಡತೈತೇನು?"

"ಇಡತೈತ್ರೀ."

"ಹಂಗಾರ ಅಚ್ಚು ಮುಗಿಯೂತನಕ ಮುಟ್ಟಬ್ಯಾಡ. ಆ ಸೇನಾಪತಿ ದೇಶಕ್ಕ ಪ್ರಾಣಾನ ಕೊಟ್ಟಾನ, ನಿನ್ನ ಕುದುರಿ ಒಂದು ತಿಂಗಳು ಕಾಲು ಎತ್ತಿದ್ರ ಏನು ಮುಳುಗಿ ಹೋಗತೈತಿ? ಟಾಂಗಾದ ಲೈಸೆನ್ಸ್ ಬೇಕೋ ಬ್ಯಾಡೋ?"

ಬೇಕಿತ್ತು. ಮಕ್ತುಮಸಾಬ ಕುದುರೆಯ ಕೊರಳು ಸವರಿದ.

ಅನಾವರಣದ ದಿನ ಮಂತ್ರಿಗಳು ಏಣಿ ಹತ್ತಿ, ಎತ್ತಿದ ಆ ಕಾಲಿಗೇ ಮೊದಲ ಹಾರ ಹಾಕಿ, ಶೌರ್ಯವೆಂದರೆ ಇದು ಎಂದರು. ಮಕ್ತುಮಸಾಬ ಗುಂಪಿನ ಹಿಂದೆ ನಿಂತಿದ್ದ. ಕುದುರೆ ಕಾಲು ಕೊಳೆತು ಸತ್ತಿತ್ತು. ಕುದುರೆಯಿಲ್ಲದವನಿಗೆ ಲೈಸೆನ್ಸ್ ಯಾಕೆಂದು ಅಧ್ಯಕ್ಷರು ಅದನ್ನೂ ಕಿತ್ತುಕೊಂಡಿದ್ದರು.